ಹೊಸ ಹಾಸಿಗೆ ಬಟ್ಟೆಗಳಿಗೆ ಮೊದಲ ನೀರು

ಪೂಜೆಯ ಬೋನಸ್ಸು ಕೈಗೆ ಬಂದ ವಾರ ನಮ್ಮವರು ಮಾಡುವ ಖರೀದಿಯಲ್ಲಿ ಉಡುವ ತೊಡುವ ಬಟ್ಟೆಯ ಜೊತೆಗೆ ಹಾಸುವ ಹೊದೆಯುವ ಬಟ್ಟೆಯೂ ಸೇರಿರುತ್ತದೆ. ಮೆಸ್ಸಿನಲ್ಲಿ ಒಂಟಿಯಾಗಿರುವವರು ಒಂದು ಚಾದರ, ಒಂದು ಟವೆಲು ಕೊಳ್ಳುತ್ತಾರೆ. ಸಂಸಾರ ತಂದಿಟ್ಟುಕೊಂಡವರಿಗೆ ದಿಂಬಿನ ಗವಸು, ಸೊಳ್ಳೆಪರದೆ, ಚಳಿಗಾಲಕ್ಕೊಂದು ರಜಾಯಿ ಬೇಕು. ಊರಿನಲ್ಲಿ ತಂಗಿಯ ಮದುವೆ ಗೊತ್ತಾಗಿರುವವರ ಗಂಟು ಇನ್ನೂ ದೊಡ್ಡದು. ಹೌರಾದ ಮಂಗ್ಲಾ ಹಾಟಿನಲ್ಲೋ ಬಡಾಬಜಾರಿನ ಗಲ್ಲಿಯಲ್ಲೋ ಚೌಕಾಶಿ ಮಾಡಿ ತಂದ ಬಟ್ಟೆಯನ್ನು ಅಂದೇ ಕಾಗದ ಬಿಚ್ಚಿ ಹಾಸಿಕೊಂಡು ಮಲಗಿಬಿಡುವುದು ಬಹುಮಂದಿಯ ವಾಡಿಕೆ. ಹೊಸ ಬಟ್ಟೆಯಲ್ಲಿ ಕೊಳೆ ಎಲ್ಲಿಂದ ಬಂತು ಎಂಬುದು ಅವರ ಎಣಿಕೆ. ನಾವೂ ಬಹುಕಾಲ ಹಾಗೆಯೇ ಎಣಿಸಿದ್ದವರು.

ನಮ್ಮ ಗೆಳೆಯರೊಬ್ಬರು ಮೂರು ತಿಂಗಳ ಕೂಸನ್ನೂ ಬಾಣಂತಿಯನ್ನೂ ಊರಿನಿಂದ ಕರೆತಂದಾಗ ಅಕ್ಕರೆಯಿಂದ ಹೂವಿನ ಅಚ್ಚಿನ ಹೊಸ ಚಾದರವೊಂದನ್ನು ತಂದು ಹಾಸಿದರು. ಭಾದ್ರಪದದ ಸೆಖೆ, ಬೆವರು ಸದಾ ಹರಿಯುವ ಕಾಲ. ಮೂರನೆಯ ದಿನಕ್ಕೆ ಮಗುವಿನ ಬೆನ್ನಿನ ಮೇಲೂ ಮೊಣಕಾಲಿನ ಹಿಂದೆಯೂ ಕೆಂಪಗೆ ಗಂಧೆ ಎದ್ದವು. ರಾತ್ರಿಯೆಲ್ಲ ಅಳು. ಹಾಲು ಬದಲಾಯಿಸಿದ್ದಾಯಿತು, ದೃಷ್ಟಿ ತೆಗೆದದ್ದಾಯಿತು. ವೈದ್ಯರ ಬಳಿಗೆ ಹೋದಾಗ ಅವರು ಕೇಳಿದ ಮೊದಲನೆಯ ಪ್ರಶ್ನೆ, ಮಗುವನ್ನು ಏನಿನ ಮೇಲೆ ಮಲಗಿಸುತ್ತೀರಿ ಎಂಬುದು. ಚಾದರ ತೆಗೆದು ತಂದೆಯ ಹಳೆಯ ಪಂಚೆಯನ್ನು ನಾಲ್ಕು ಮಡಿಕೆ ಮಾಡಿ ಹಾಸಿದರು. ವಾರದೊಳಗೆ ಮೈ ತಿಳಿಯಾಯಿತು. ಎರಡು ದಿನದ ಸಂಬಳ, ಔಷಧಿಯ ಹಣ, ಮೂರು ರಾತ್ರಿಯ ನಿದ್ದೆ ಇಷ್ಟೂ ಒಂದು ಬಕೆಟ್ಟು ನೀರಿನಲ್ಲಿ ಉಳಿಯಬಹುದಾಗಿತ್ತು. ಅದನ್ನು ಕಂಡ ಮೇಲೆಯೇ ಈ ವಿಷಯವನ್ನು ನಾಲ್ಕು ಜನರಿಗೆ ತಿಳಿಸಬೇಕೆಂದು ನಮಗೆ ಅನಿಸಿದ್ದು.

ಹೊಸ ಬಟ್ಟೆಯಲ್ಲಿ ಏನಿರುತ್ತದೆ? ಮೊದಲನೆಯದಾಗಿ ಗಂಜಿ. ಬಟ್ಟೆಯಲ್ಲಿ ಹಾಸು, ಹೊಕ್ಕು ಎಂದು ಎರಡು ನೂಲುಗಳಿರುವುದು ಎಲ್ಲರಿಗೂ ತಿಳಿದದ್ದೇ. ಮಗ್ಗದಲ್ಲಿ ಬಿಗಿಯಾಗಿ ನಿಲ್ಲುವ ಹಾಸಿನ ನೂಲು ಹಣಿಗೆಯ ಸಂದಿನಲ್ಲಿ ಸಾವಿರಾರು ಸಲ ಉಜ್ಜಿಸಿಕೊಳ್ಳುತ್ತದೆ. ಬರಿಯ ನೂಲಾದರೆ ಜುಂಗೆದ್ದು ತುಂಡಾಗುತ್ತದೆ. ಆದುದರಿಂದ ನೇಯುವುದಕ್ಕೆ ಮುಂಚೆ ಅದಕ್ಕೆ ಗಂಜಿ ಕುಡಿಸುತ್ತಾರೆ. ಹತ್ತಿಯ ಮಿಲ್ಲುಗಳಲ್ಲಿ ಮೆಕ್ಕೆಜೋಳದ ಅಥವಾ ಮರಗೆಣಸಿನ ಹಿಟ್ಟಿನ ಗಂಜಿ. ಈ ಬಂಗಾಳದ ಶಾಂತಿಪುರದ ಕಡೆಯ ಕೈಮಗ್ಗದವರಲ್ಲಿ ಭತ್ತದ ಅರಳಿನ ಗಂಜಿ. ಇಲ್ಲಿಯವರು ಅರಳಿಗೆ ಖೋಯಿ ಎನ್ನುತ್ತಾರೆ. ಹೊಸ ತಾಂತ್ ಸೀರೆ ಕಾಗದದಂತೆ ಸೆಟೆದು ನಿಲ್ಲುವುದು ಇದರಿಂದಲೇ. ನಮ್ಮ ಸೆಣಬಿನ ಮಿಲ್ಲುಗಳಲ್ಲಿ ಹಾಸಿನ ನೂಲಿಗೆ ಹುಣಿಸೆಬೀಜದ ಪುಡಿಯ ಗಂಜಿ ಹಾಕುವ ರೂಢಿ ಹಳೆಯದು. ಊರಿನಲ್ಲಿ ನಾವು ಎಸೆಯುವ ಹುಣಿಸೆಬೀಜಕ್ಕೆ ಹೂಗ್ಲಿಯ ದಂಡೆಯಲ್ಲಿ ಇಷ್ಟು ಬೆಲೆಯಿದೆಯೇ ಎಂದು ಹೊಸದಾಗಿ ಬಂದವರು ಬೆರಗಾಗುವುದುಂಟು. ಆದರೆ ಇದು ನಮ್ಮವರಿಗೇನೂ ಹೊಸ ವಿದ್ಯೆಯಲ್ಲ. ಚಿತ್ರದುರ್ಗದ ಕಡೆಯ ಕುರುಬರು ಕಂಬಳಿಯ ಉಣ್ಣೆಯ ಹಾಸಿಗೆ ಇದೇ ಹುಣಿಸೆಬೀಜದ ಸರಿಯನ್ನು ಬಳಿದು ಒಣಗಿಸಿ ನೇಯುತ್ತ ಬಂದಿದ್ದಾರೆ. ಹೊಸ ಕಂಬಳಿ ಹಲಗೆಯಂತೆ ಗಡುಸಾಗಿದ್ದು ಮೈಗೆ ಚುಚ್ಚುವುದಕ್ಕೆ ಅದೂ ಒಂದು ಕಾರಣ.

ನೂಲಿನ ರಕ್ಷಣೆಗೆ ಬೇಕಾದಷ್ಟು ಗಂಜಿ ಹಾಕಿದರೆ ಅದು ಕಸುಬು. ತೂಕ ಹೆಚ್ಚಿಸುವುದಕ್ಕೆ ಹಾಕಿದರೆ ಅದು ಮೋಸ. ೧೮೬೦ರ ದಶಕದಲ್ಲಿ ಅಮೆರಿಕದ ಅಂತರ್ಯುದ್ಧದಿಂದ ಹತ್ತಿಗೆ ಬರ ಬಂದಾಗ ಇಂಗ್ಲೆಂಡಿನ ಲ್ಯಾಂಕಷೈರಿನ ಕೆಲವು ಮಿಲ್ಲಿನವರು ಗಂಜಿಯೊಳಗೆ ಬಿಳಿಯ ಜೇಡಿಮಣ್ಣನ್ನು ಕಲಸಿ, ನೂಲು ಕಡಿಮೆ ಮಾಡಿ ಮಣ್ಣು ಹೆಚ್ಚು ಮಾಡಿದರು. ಆ ಬಟ್ಟೆ ಹಡಗೇರಿ ನಮ್ಮ ದೇಶಕ್ಕೂ ಬಂತು. ಒಂದು ಸಲ ಒಗೆದರೆ ಮಣ್ಣು ಕರಗಿ ಜಾಳು ಬಟ್ಟೆ ಉಳಿಯುತ್ತಿತ್ತು. ಹಾಟಿನಲ್ಲಿ ಅಗ್ಗದ ಚಾದರವನ್ನು ಕೊಳ್ಳುವಾಗ ಇಂದಿಗೂ ಒಂದು ಮೂಲೆಯನ್ನು ಎರಡು ಕೈಗಳ ನಡುವೆ ಬಲವಾಗಿ ಉಜ್ಜಿ ನೋಡಿರಿ. ಬಿಳಿಯ ಹುಡಿ ಉದುರಿ, ಉಜ್ಜಿದ ಜಾಗ ಜಾಳಾಗಿ ಕಂಡರೆ ನೀವು ಬಟ್ಟೆಗಲ್ಲ, ಹಿಟ್ಟಿಗೆ ಹಣ ಕೊಡುತ್ತಿದ್ದೀರಿ.

ಗಂಜಿ ಇರುವುದನ್ನು ಕಂಡುಹಿಡಿಯಲು ಸುಲಭವಾದ ಪರೀಕ್ಷೆಯೊಂದುಂಟು. ಗಾಯಕ್ಕೆ ಹಚ್ಚುವ ಟಿಂಕ್ಚರ್ ಅಯೋಡಿನ್ನನ್ನು ನೀರಿನಲ್ಲಿ ತೆಳ್ಳಗೆ ಮಾಡಿ, ಮಡಿಸಿ ಹೊಲಿದ ಅಂಚಿನ ಒಳಭಾಗಕ್ಕೆ ಒಂದು ಹನಿ ಬಿಡಬೇಕು. ಹಿಟ್ಟಿನ ಗಂಜಿ ಇದ್ದರೆ ಹನಿ ಬಿದ್ದ ಕಡೆ ಕಡುನೀಲಿಯಾಗುತ್ತದೆ. ಒಗೆದ ಮೇಲೆ ಮತ್ತೊಮ್ಮೆ ಮಾಡಿ ನೋಡಿದರೆ ಗಂಜಿ ಹೋಯಿತೋ ಇಲ್ಲವೋ ಗೊತ್ತಾಗುತ್ತದೆ. ಬಟ್ಟೆಯ ನಡುವೆ ಮಾತ್ರ ಈ ಪರೀಕ್ಷೆ ಬೇಡ.

ಗಂಜಿ ಇದ್ದರೇನು, ಬಟ್ಟೆ ಗರಿಗರಿಯಾಗಿ ಚೆನ್ನಾಗಿಯೇ ಇರುತ್ತದಲ್ಲ ಎನ್ನಬಹುದು. ಮೈಸೂರಿನಲ್ಲೋ ಧಾರವಾಡದಲ್ಲೋ ಆಗಿದ್ದರೆ ಆ ಮಾತು ನಡೆಯುತ್ತಿತ್ತು. ಇಲ್ಲಿ ಆಷಾಢದಿಂದ ಆಶ್ವಯುಜದವರೆಗೆ ಗಾಳಿಯೇ ಒದ್ದೆ. ಗಂಜಿ ಎಂದರೆ ಅನ್ನವೇ ಅಲ್ಲವೆ? ಬೂಷ್ಟಿಗೂ ಅದೇ ಆಹಾರ, ಪೆಟ್ಟಿಗೆಯೊಳಗೆ ಓಡಾಡುವ ಬೆಳ್ಳಿ ಬಣ್ಣದ ಹುಳುವಿಗೂ ಅದೇ ಆಹಾರ. ಮದುವೆಗೆಂದು ಮುಂಚಿತವಾಗಿ ಕೊಂಡು, ಒಗೆಯದೆ ಟ್ರಂಕಿನಲ್ಲಿ ಮಡಗಿದ ಚಾದರಗಳು ಮಳೆಗಾಲ ಕಳೆಯುವಷ್ಟರಲ್ಲಿ ಕಪ್ಪು ಚುಕ್ಕೆ ಹಿಡಿದಿರುವುದನ್ನು ನಾವು ಎರಡು ಮನೆಗಳಲ್ಲಿ ಕಂಡಿದ್ದೇವೆ. ಹೊಸತಾಗಿಯೇ ಇರಲಿ ಎಂದು ಒಗೆಯದೆ ಇಟ್ಟದ್ದೇ ಅವುಗಳನ್ನು ಹಳತು ಮಾಡಿತು. ಬಹುಕಾಲ ಇಡುವ ಬಟ್ಟೆಯನ್ನು ಗಂಜಿ ಕಳೆದು, ಚೆನ್ನಾಗಿ ಒಣಗಿಸಿ, ಗಂಜಿ ಹಾಕದೆಯೇ ಇಡತಕ್ಕದ್ದು.

ಇನ್ನು ತೆಗೆಯುವ ಬಗೆ. ಅಕ್ಕಿಯ, ಜೋಳದ ಗಂಜಿಯಾದರೆ ರಾತ್ರಿಯೆಲ್ಲ ತಣ್ಣೀರಿನಲ್ಲಿ ನೆನೆಹಾಕಿ ಬೆಳಿಗ್ಗೆ ಹಿಂಡಿದರೆ ಹೆಚ್ಚು ಪಾಲು ಬಿಟ್ಟುಹೋಗುತ್ತದೆ. ನೆನೆದ ನೀರು ಸ್ವಲ್ಪ ಹುಳಿ ವಾಸನೆ ಬಂದರೆ ಹೆದರಬೇಕಾದುದಿಲ್ಲ. ಗಂಜಿ ಹುದುಗಿ ಕರಗುವ ಗುರುತು ಅದು. ಹಿಂದೆ ಮಿಲ್ಲುಗಳಲ್ಲಿಯೂ ಹೀಗೆ ಹುದುಗಿಸಿಯೇ ಗಂಜಿ ಕಳೆಯುತ್ತಿದ್ದರು. ಆದರೆ ಎರಡು ಮೂರು ದಿನ ಮರೆತರೆ ನೂಲೇ ಕೊಳೆತೀತು. ಈಗ ಕೆಲವು ಮಿಲ್ಲುಗಳಲ್ಲಿ ಹಿಟ್ಟಿನ ಬದಲು ಪಾಲಿವೈನೈಲ್ ಆಲ್ಕೊಹಾಲ್ ಎಂಬ ಕೃತಕ ಅಂಟನ್ನು ಬಳಸುತ್ತಾರೆ. ಅದು ತಣ್ಣೀರಿಗೆ ಅಷ್ಟಾಗಿ ಜಗ್ಗುವುದಿಲ್ಲ, ಕೈ ಇಡಲಾರದಷ್ಟು ಬಿಸಿಯಾದ ನೀರು ಬೇಕು. ಎರಡು ಮೂರು ಸಲ ತಣ್ಣೀರಿನಲ್ಲಿ ಒಗೆದರೂ ಬಿರುಸು ಹೋಗದ ಬಟ್ಟೆಗೆ ಬಿಸಿನೀರೇ ಮದ್ದು.

ಕೋರಾ ಬಟ್ಟೆಯ ಮಾತೇ ಬೇರೆ. ಹತ್ತಿಯ ಎಳೆಯ ಮೇಲೆ ಹುಟ್ಟಿನಿಂದಲೇ ಮೇಣದಂಥ ಒಂದು ಲೇಪವಿರುತ್ತದೆ. ತೂಕದಲ್ಲಿ ನೂರಕ್ಕೆ ಅರ್ಧದಿಂದ ಒಂದು ಪಾಲಿನಷ್ಟು ಮಾತ್ರ. ಆದರೂ ನೀರನ್ನು ಒಳಕ್ಕೆ ಬಿಡದೆ ತಡೆಯಲು ಅಷ್ಟೇ ಸಾಕು. ಕೋರಾ ಬಟ್ಟೆಯ ಚೂರನ್ನು ನೀರಿಗೆ ಹಾಕಿದರೆ ಅದು ತೇಲುತ್ತದೆ, ಒಗೆದ ಬಟ್ಟೆಯ ಚೂರು ಮುಳುಗುತ್ತದೆ. ಈ ಮೇಣ ಬರಿಯ ನೀರಿಗೆ ಹೋಗುವಂಥದಲ್ಲ, ಅದಕ್ಕೆ ಕ್ಷಾರವೂ ಕಾವೂ ಬೇಕು. ನಮ್ಮ ಊರುಗಳ ಮಡಿವಾಳರು ಬಟ್ಟೆಯನ್ನು ಚೌಳು ಮಣ್ಣಿನ ನೀರಿನಲ್ಲಿ ಅದ್ದಿ, ಬಾನಿಯ ಮೇಲೆ ಒಟ್ಟಿ, ಕೆಳಗೆ ಬೆಂಕಿ ಮಾಡಿ ಹಬೆಯಲ್ಲಿ ಬೇಯಿಸುತ್ತಿದ್ದರಲ್ಲ, ಆ ಉಬ್ಬೆ ಹಾಕುವ ಕೆಲಸದ ಗುಟ್ಟು ಇದೇ. ಚೌಳಿನಲ್ಲಿರುವುದು ಸೋಡಾಖಾರ. ಬಾಡಿಗೆ ಕೋಣೆಯಲ್ಲಿ ಉಬ್ಬೆ ಹಾಕಲಾದೀತೆ? ದೊಡ್ಡ ಅಲ್ಯುಮಿನಿಯಂ ಡೇಗಿಸಿ ಇದ್ದರೂ ಅದು ಬೇಡ, ಸೋಡಾ ಅಲ್ಯುಮಿನಿಯಮ್ಮನ್ನು ತಿನ್ನುತ್ತದೆ. ಸ್ಟೀಲಿನ ಪಾತ್ರೆಯಲ್ಲಿ ಒಂದು ಬಕೆಟ್ಟು ನೀರಿಗೆ ಒಂದು ಹಿಡಿ ವಾಷಿಂಗ್ ಸೋಡಾ, ಸ್ವಲ್ಪ ಸಾಬೂನು ಹಾಕಿ ಅರ್ಧ ಗಂಟೆ ಕುದಿಸಿ, ಚೆನ್ನಾಗಿ ಜಾಲಿಸಿದರೆ ಸಾಕು. ಇದು ಬಿಳಿಯ ಹತ್ತಿ ಬಟ್ಟೆಗೆ ಮಾತ್ರ. ಬಣ್ಣದ್ದನ್ನೂ ಉಣ್ಣೆಯನ್ನೂ ಕುದಿಸಿದರೆ ಕೆಟ್ಟಿತು. ಕಂಬಳಿಗೆ ತಣ್ಣೀರು, ಅಂಟುವಾಳದ ನೊರೆ, ಹಗುರವಾದ ಕೈ ಇಷ್ಟೇ.

ಟವೆಲಿನಲ್ಲಿಯೂ ಇಂಥದೇ ಒಂದು ತೊಡಕು. ಅಂಗಡಿಯಲ್ಲಿ ಮುಟ್ಟಿದಾಗ ಬೆಣ್ಣೆಯಂತೆ ಇರಲೆಂದು ಕಾರ್ಖಾನೆಯವರು ಅದಕ್ಕೆ ಮೆದುವಾಗಿಸುವ ಸಿಲಿಕೋನಿನ ಲೇಪ ಕೊಡುವುದುಂಟು. ಸ್ನಾನ ಮಾಡಿ ಒರಸಿಕೊಂಡರೆ ನೀರು ಮೈಮೇಲೆಯೇ ಜಾರುತ್ತದೆ. ಸೊಲ್ಲಾಪುರದ ಟವೆಲಾದರೂ ಸರಿ, ಬೇರೆಯದಾದರೂ ಸರಿ, ಮೂರು ನಾಲ್ಕು ಒಗೆತ ಕಂಡ ಮೇಲೆಯೇ ಅದು ನೀರು ಕುಡಿಯಲು ಕಲಿಯುವುದು. ಮೆದುವಾಗಲೆಂದು ಮಾರುವ ದ್ರಾವಣಗಳನ್ನು ಟವೆಲಿಗೆ ಹಾಕಿದರೆ ಮತ್ತೆ ಅದೇ ಕಥೆ. ಈ ಊರಿನ ಗಾಮ್ಛಾಕ್ಕೆ ಅಂಥ ಉಪಚಾರವಿಲ್ಲ. ಎರಡು ಸಲ ಹಿಂಡಿದರೆ ಕೆಲಸಕ್ಕೆ ಬಂತು, ಅರ್ಧ ಗಂಟೆಯಲ್ಲಿ ಒಣಗಿತು. ಮಳೆಗಾಲದಲ್ಲಿ ನಾವು ಟವೆಲನ್ನು ಪೆಟ್ಟಿಗೆಗೆ ಸೇರಿಸಿ ಗಾಮ್ಛಾವನ್ನೇ ಆಶ್ರಯಿಸುತ್ತೇವೆ.

ಬಣ್ಣದ ವಿಚಾರಕ್ಕೆ ಬರೋಣ. ಕಾರ್ತಿಕ ಕಳೆಯುತ್ತಲೂ ಕಲ್ಕತ್ತೆಯ ಬೀದಿಗಳಲ್ಲಿ ಬಿಲ್ಲು ಹೊತ್ತ ಧುನೂರಿಯ ಟಂಕಾರ ಕೇಳಿಸುತ್ತದೆ. ನಮ್ಮ ಪಿಂಜಾರರದೇ ಕಸುಬು, ಅದೇ ನಾದ. ಆತ ಹತ್ತಿ ಹಿಂಜಿ ಹೊಲಿದುಕೊಡುವ ರಜಾಯಿಗೆ ಇಲ್ಲಿ ಲೇಪ್ ಎನ್ನುತ್ತಾರೆ. ಅದರ ಹೊದಿಕೆ ಬಹುಮಟ್ಟಿಗೆ ಶಾಲು ಎಂಬ ಕೆಂಪು ಬಟ್ಟೆಯದು. ಬಿರಿಯಾನಿ ಅಂಗಡಿಗಳ ಹಂಡೆಗೆ ಸುತ್ತುತ್ತಾರಲ್ಲ, ಅದೇ. ಈ ಊರಿಗೆ ಬಂದ ಮೊದಲ ಚಳಿಗಾಲದಲ್ಲಿ ನಾವು ಅಂಥ ಲೇಪನ್ನು ಹಾಗೆಯೇ ಹೊದ್ದು ಮಲಗಿದೆವು. ಬೆಳಿಗ್ಗೆ ಬನಿಯನ್ನು ಗುಲಾಬಿ, ಕತ್ತು ಗುಲಾಬಿ. ಮಿಲ್ಲಿನ ಆಫೀಸಿನಲ್ಲಿ ಹೋಳಿ ಈಗಲೇ ಬಂತೇ ಎಂದು ಒಂದು ವಾರ ಹಾಸ್ಯವಾಯಿತು. ಲೇಪನ್ನು ಹೊಲಿದಾದ ಮೇಲೆ ಒಗೆಯುವಂತಿಲ್ಲ, ಒಳಗಿನ ಹತ್ತಿ ಗಂಟುಕಟ್ಟುತ್ತದೆ. ಆದುದರಿಂದ ಶಾಲು ಬಟ್ಟೆಯನ್ನು ಮೊದಲೇ ಕೊಂಡು, ಬಣ್ಣ ಬಿಡುವುದು ನಿಲ್ಲುವವರೆಗೆ ಬೇರೆಯಾಗಿ ಒಗೆದು, ಅನಂತರ ಧುನೂರಿಯ ಕೈಗೆ ಕೊಡುವುದು ಲೇಸು. ಅಷ್ಟು ಮಾಡಲಾಗದವರು ಬಿಳಿಯ ಗವಸೊಂದನ್ನು ಹೊಲಿಸಿ ಮೇಲೆ ತೊಡಿಸಬೇಕು. ಆ ಗವಸನ್ನು ಬೇಕಾದಾಗ ಒಗೆಯಬಹುದು.

ಬಣ್ಣ ಬಿಡಬಾರದೆಂದು ನಮ್ಮ ತಾಯಂದಿರು ಉಪ್ಪುನೀರಿನಲ್ಲಿ ನೆನೆಹಾಕುತ್ತಿದ್ದರು. ಇದರಲ್ಲಿ ಅರ್ಧ ಸತ್ಯವಿದೆ. ಬಣ್ಣ ಹಾಕುವ ತೊಟ್ಟಿಯಲ್ಲಿ ಉಪ್ಪು ಬಣ್ಣವನ್ನು ನೂಲಿನ ಕಡೆಗೆ ತಳ್ಳುತ್ತದೆ. ನೆನೆಹಾಕಿದ ನೀರಿನಲ್ಲಿ ಉಪ್ಪಿದ್ದರೆ ಅಂದಿನ ಮಟ್ಟಿಗೆ ಬಣ್ಣ ಹೊರಬರುವುದು ಕಡಿಮೆಯಾಗುತ್ತದೆ. ಮುಂದಿನ ಒಗೆತಕ್ಕೆ ಉಪ್ಪಿಲ್ಲ, ಬಣ್ಣ ಮತ್ತೆ ಹೊರಟಿತು. ಬಣ್ಣ ನಿಲ್ಲುವುದೂ ಬಿಡುವುದೂ ಬಣ್ಣದ ಜಾತಿಯನ್ನೇ ಅವಲಂಬಿಸಿದೆ. ೧೯೦೧ರಲ್ಲಿ ಜರ್ಮನಿಯಲ್ಲಿ ಕಂಡುಹಿಡಿದ ಇಂಡಾಂತ್ರೀನ್ ಜಾತಿಯ ಬಣ್ಣಗಳು ನೂಲಿನೊಳಗೆ ಕರಗದ ರೂಪದಲ್ಲಿ ಕುಳಿತುಬಿಡುತ್ತವೆ. ೧೯೫೬ರಲ್ಲಿ ಇಂಗ್ಲೆಂಡಿನಿಂದ ಮಾರುಕಟ್ಟೆಗೆ ಬಂದ ಪ್ರೋಸಿಯಾನ್ ಜಾತಿಯವು ಹತ್ತಿಯೊಡನೆ ರಾಸಾಯನಿಕವಾಗಿಯೇ ಬೆಸೆದುಕೊಳ್ಳುತ್ತವೆ. ಇವುಗಳಲ್ಲಿಯೂ ಬೆಸೆಯದೆ ಉಳಿದ ಬಣ್ಣ ಮೊದಲ ಒಂದೆರಡು ನೀರಿನಲ್ಲಿ ಹೊರಬರುತ್ತದೆ. ಅಷ್ಟಕ್ಕೆ ಅಂಗಡಿಯವನ ಮೇಲೆ ಜಗಳ ಬೇಡ. ಅಗ್ಗದ ಬಣ್ಣವಾದರೆ ಹತ್ತನೆಯ ಒಗೆತದಲ್ಲಿಯೂ ನೀರು ಕೆಂಪೇ. ಒದ್ದೆಯಾದ ಬಿಳಿಯ ಚಿಂದಿಯಿಂದ ಚಾದರದ ಮೂಲೆಯನ್ನು ಇಪ್ಪತ್ತು ಸಲ ಉಜ್ಜಿ ನೋಡಿದರೆ ಕೊಳ್ಳುವಾಗಲೇ ತಿಳಿಯುತ್ತದೆ. ಕೆಲವು ಆಜೋ ಬಣ್ಣಗಳು ದೇಹಕ್ಕೆ ಹಾನಿಕರವೆಂದು ಭಾರತ ಸರ್ಕಾರ ೧೯೯೭ರಲ್ಲಿ ಅವುಗಳನ್ನು ನಿಷೇಧಿಸಿದೆ. ಮೈಗೆ ಅಂಟುವಷ್ಟು ಬಣ್ಣ ಬಿಡುವ ಬಟ್ಟೆಯ ಮೇಲೆ ಮಗುವನ್ನು ಮಲಗಿಸದಿರುವುದಕ್ಕೆ ಇದೂ ಒಂದು ಕಾರಣವೆನ್ನಬೇಕು.

ಸುಕ್ಕುಬೀಳದ ಚಾದರ ಎಂದು ಮಾರುವುದರಲ್ಲಿ ಮತ್ತೊಂದು ವಸ್ತು ಅಡಗಿದೆ. ಸುಕ್ಕು ಬೀಳದಿರಲೆಂದು ಕೊಡುವ ರಾಳದ ಲೇಪದಿಂದ ಫಾರ್ಮಾಲ್ಡಿಹೈಡ್ ಎಂಬ ಅನಿಲ ಸ್ವಲ್ಪಸ್ವಲ್ಪವಾಗಿ ಹೊರಬರಬಹುದು. ಕಟ್ಟು ಬಿಚ್ಚಿದೊಡನೆ ಮೂಗಿಗೂ ಕಣ್ಣಿಗೂ ಚುರುಕು ತಾಗುವ ವಾಸನೆ ಬಂದರೆ ಅದರ ಮೇಲೆ ಅನುಮಾನ ಪಡಬೇಕು. ಜಪಾನಿನಲ್ಲಿ ೧೯೭೩ರ ಕಾಯಿದೆಯಿಂದಲೇ ಬಟ್ಟೆಯಲ್ಲಿ ಇದಕ್ಕೆ ಮಿತಿಯಿದ್ದು, ಕೂಸುಗಳ ಬಟ್ಟೆಗೆ ಎಲ್ಲಕ್ಕಿಂತ ಬಿಗಿಯಾದ ಮಿತಿಯಿದೆ. ನಮ್ಮ ಕೈಯಲ್ಲಿರುವ ಉಪಾಯವೆಂದರೆ ಚೆನ್ನಾಗಿ ಒಗೆದು ಗಾಳಿಗೆ ಹಾಕುವುದು. ಬಿಡಿಯಾಗಿರುವ ಅನಿಲದ ಬಹುಪಾಲು ಮೊದಲ ನೀರಿಗೇ ಹೋಗುತ್ತದೆ.

ಈ ಎಲ್ಲವನ್ನೂ ಯಾವ ಪುಸ್ತಕವನ್ನೂ ಓದದೆಯೇ ನಮ್ಮ ಹಿರಿಯರು ತಿಳಿದಿದ್ದರೆಂದು ತೋರುತ್ತದೆ. ಉತ್ತರ ಕರ್ನಾಟಕದ ಅಜ್ಜಿಯರು ಹಳೆಯ ಸೀರೆಗಳನ್ನು ಪದರ ಪದರ ಸೇರಿಸಿ ಹೊಲಿಯುವ ಕೌದಿಯನ್ನೂ, ಬಂಗಾಳದ ಅಜ್ಜಿಯರು ಹಾಗೆಯೇ ಹೊಲಿಯುವ ಕಾಂಥಾವನ್ನೂ ಪಕ್ಕದಲ್ಲಿಟ್ಟು ನೋಡಿರಿ. ಎರಡು ಕಡೆಯೂ ಹಸುಗೂಸನ್ನು ಮಲಗಿಸುವುದು ನೂರು ನೀರು ಕಂಡ ಬಟ್ಟೆಯ ಮೇಲೆ. ಬಡತನದಿಂದ ಹಾಗೆ ಮಾಡಿದರು ಎನ್ನುವವರುಂಟು. ಆದರೆ ಉಳ್ಳವರ ಮನೆಯಲ್ಲಿಯೂ ಅದೇ ಪದ್ಧತಿಯಿತ್ತಲ್ಲ! ಹೊಸ ಬಟ್ಟೆ ಒಗೆದರೆ ಪೂಜೆಗೆ ಬರುವುದಿಲ್ಲ ಎಂದು ತಕರಾರು ಮಾಡುವವರಿಗೆ ಇನ್ನೊಂದು ಮಾತು. ಧರ್ಮಶಾಸ್ತ್ರದವರು ಶುಭಕಾರ್ಯಕ್ಕೆ ಹೇಳುವ ಅಹತ ವಸ್ತ್ರವೆಂದರೆ ಹೊಸದು, ಬಿಳಿಯದು, ಯಾರೂ ಧರಿಸದ್ದು ಎನ್ನುವುದರ ಜೊತೆಗೆ, ಲಘುವಾಗಿ ತೊಳೆದದ್ದು ಎಂಬ ಲಕ್ಷಣವನ್ನೂ ಹೇಳಿದ್ದಾರೆ. ಮೂಲೆಗೆ ಹಚ್ಚುವ ಅರಿಶಿನಕ್ಕೂ ಅಡ್ಡಿಯಿಲ್ಲ. ಸಾಬೂನು ತಾಗಿದೊಡನೆ ಅದು ಕೆಂಪಾಗುವುದು ಕ್ಷಾರದ ಗುಣ. ಬಿಸಿಲಿಗೆ ಹಾಕಿದರೆ ಕಲೆ ತಾನೇ ಮಾಸುತ್ತದೆ.

ಬಟ್ಟೆ ಕುಗ್ಗುವುದನ್ನೂ ಲೆಕ್ಕಕ್ಕೆ ಹಿಡಿಯಬೇಕು. ಮಗ್ಗದ ಮೇಲೆ ಎಳೆದು ಬಿಗಿದ ನೂಲು ನೀರು ಕಂಡೊಡನೆ ತನ್ನ ಸಹಜವಾದ ಅಳತೆಗೆ ಹಿಂದಿರುಗುತ್ತದೆ. ನೂರಕ್ಕೆ ಐದರಷ್ಟು ಕುಗ್ಗಿದರೂ ತೊಂಬತ್ತು ಅಂಗುಲದ ಚಾದರದಲ್ಲಿ ನಾಲ್ಕೂವರೆ ಅಂಗುಲ ಹೋಯಿತು; ಹಾಸಿಗೆಯ ಕೆಳಗೆ ಸಿಕ್ಕಿಸಲು ಅಂಚು ಉಳಿಯದು. ಅಮೆರಿಕದ ಸ್ಯಾನ್‌ಫರ್ಡ್ ಕ್ಲೂಯೆಟ್ ೧೯೩೦ರಲ್ಲಿ ಪೇಟೆಂಟು ಪಡೆದ ವಿಧಾನದಲ್ಲಿ ಬಟ್ಟೆಯನ್ನು ಕಾರ್ಖಾನೆಯಲ್ಲಿಯೇ ಕುಗ್ಗಿಸಿ ಕೊಡುತ್ತಾರೆ, ಸ್ಯಾನ್ಫೊರೈಸ್ಡ್ ಎಂಬ ಮುದ್ರೆಯ ಅರ್ಥ ಅದು. ಅಂಥ ಮುದ್ರೆಯಿಲ್ಲದ ಬಟ್ಟೆಯಲ್ಲಿ ಗವಸು ಹೊಲಿಸುವವರು ದರ್ಜಿಗೆ ಕೊಡುವ ಮುಂಚೆಯೇ ನೀರಿಗೆ ಹಾಕಬೇಕು.

ನೀರೂ ಎಲ್ಲ ಒಂದೇ ಅಲ್ಲ. ಕಾರ್ಪೊರೇಷನ್ನಿನ ನಲ್ಲಿಯಲ್ಲಿ ಗೊತ್ತಾದ ಹೊತ್ತಿಗೆ ಬರುವ ಪಲ್ತಾದ ನೀರು ಹೂಗ್ಲಿಯದು, ಸೋಸಿದ್ದು, ಸಾಬೂನಿಗೆ ಒಳ್ಳೆಯ ನೊರೆ ಬರುತ್ತದೆ. ಕೊಳವೆಬಾವಿಯ ನೀರಿನಲ್ಲಿ ಅನೇಕ ಕಡೆ ಕಬ್ಬಿಣದ ಅಂಶವಿದ್ದು ಬಿಳಿಯ ಬಟ್ಟೆ ನಾಲ್ಕು ಒಗೆತದಲ್ಲಿ ಹಳದಿಗೆ ತಿರುಗುತ್ತದೆ. ಹಳದಿ ಹೋಗಲೆಂದು ಬ್ಲೀಚಿಂಗ್ ಪುಡಿ ಹಾಕಿದರೆ ಕಬ್ಬಿಣ ತುಕ್ಕಾಗಿ ಕಲೆ ಇನ್ನೂ ಗಟ್ಟಿಯಾಗುತ್ತದೆ. ನಿಂಬೆಹುಳಿಯೋ ಸಿಟ್ರಿಕ್ ಆಮ್ಲವೋ ಅದಕ್ಕೆ ಔಷಧಿ. ಆದರೆ ಅದನ್ನೂ ಬ್ಲೀಚಿಂಗ್ ಪುಡಿಯನ್ನೂ ಒಂದೇ ಬಕೆಟ್ಟಿಗೆ ಎಂದಿಗೂ ಹಾಕಕೂಡದು, ವಿಷದ ಗಾಳಿ ಏಳುತ್ತದೆ. ಹೊಸ ಬಿಳಿ ಬಟ್ಟೆಯ ಮೊದಲ ನೀರನ್ನಾದರೂ ನಲ್ಲಿಯಿಂದ ಹಿಡಿದಿಟ್ಟುಕೊಳ್ಳಿರಿ.

ಮಿಲ್ಲಿನವರಿಗೆ ಮಾತ್ರ ಸಂಬಂಧಿಸಿದ ಒಂದು ಮಾತು. ೧೮೫೫ರಲ್ಲಿ ರಿಶ್ರಾದಲ್ಲಿ ಮೊದಲ ಸೆಣಬಿನ ಮಿಲ್ಲು ನಿಂತಂದಿನಿಂದ ಈ ನದಿಯ ಎರಡು ದಂಡೆಗೂ ಗೋಣಿತಟ್ಟಿಗೇನು ಕೊರತೆಯಿಲ್ಲ. ಅದನ್ನು ಹಾಸಿಗೆಯ ಚೀಲಕ್ಕೂ ಮಗುವಿನ ತೊಟ್ಟಿಲಿಗೂ ಬಳಸುವವರನ್ನು ನೋಡಿದ್ದೇವೆ. ಸೆಣಬು ನೂಲಾಗಿ ಬರಬೇಕಾದರೆ ಅದಕ್ಕೆ ಎಣ್ಣೆ ಬೆರೆಸಿದ ನೀರನ್ನು ಚಿಮುಕಿಸಿ ಮೆತ್ತಗೆ ಮಾಡುತ್ತಾರೆ. ಸಾಮಾನ್ಯವಾದ ಚೀಲಗಳಲ್ಲಿ ಅದು ಖನಿಜ ತೈಲ. ಆಹಾರ ಪದಾರ್ಥಕ್ಕೆಂದು ಮಾಡುವ ಕೆಲವು ಚೀಲಗಳಿಗೆ ಮಾತ್ರ ತೌಡಿನ ಎಣ್ಣೆಯಂಥದು. ಆ ಸೀಮೆಎಣ್ಣೆಯ ಗಾಳಿ ಎಷ್ಟು ಒಗೆದರೂ ಪೂರ್ತಿ ಹೋಗುವುದಿಲ್ಲ. ನೆಲಕ್ಕೆ ಹಾಸಿರಿ, ಮೈಗೆ ಬೇಡ.

ಹಾಟಿನಲ್ಲಿ ಹತ್ತಾರು ಕೈ ಮುಟ್ಟಿದ ಬಟ್ಟೆ, ಮೆಸ್ಸು ಬಿಟ್ಟು ಹೋದವರಿಂದ ಕೊಂಡ ಕಂಬಳಿ, ಚಾದರ ಇವುಗಳಲ್ಲಿ ಕಜ್ಜಿಯ ಹುಳುವೋ ತಿಗಣೆಯೋ ಇರಬಹುದು. ಕಜ್ಜಿಯ ಹುಳು ೫೦ ಡಿಗ್ರಿಗಿಂತ ಹೆಚ್ಚಿನ ಕಾವಿನ ನೀರಿನಲ್ಲಿ ಹತ್ತು ನಿಮಿಷಕ್ಕೆ ಸಾಯುತ್ತದೆ, ತಿಗಣೆಗೆ ೬೦ ಡಿಗ್ರಿ ಬೇಕು. ಬಿಸಿನೀರು ಆಗದ ಕಂಬಳಿಯನ್ನು ಚೀಲದಲ್ಲಿ ಬಿಗಿಯಾಗಿ ಕಟ್ಟಿ ಒಂದು ವಾರ ಇಟ್ಟರೆ ಕಜ್ಜಿಯ ಭಯವಿಲ್ಲ, ಮನುಷ್ಯರ ಮೈ ಬಿಟ್ಟು ಆ ಹುಳು ಮೂರು ದಿನಕ್ಕಿಂತ ಹೆಚ್ಚು ಸಾಮಾನ್ಯವಾಗಿ ಬದುಕದು. ತಿಗಣೆ ಮಾತ್ರ ತಿಂಗಳುಗಟ್ಟಲೆ ಉಪವಾಸ ಮಾಡಬಲ್ಲದು.

ಕೊನೆಯದಾಗಿ ಸೊಳ್ಳೆಪರದೆ. ಮಲೇರಿಯಾ ಸೊಳ್ಳೆಯಿಂದ ಹರಡುತ್ತದೆಂಬುದನ್ನು ರೊನಾಲ್ಡ್ ರಾಸ್ ೧೮೯೭ರಲ್ಲಿ ಸಿಕಂದರಾಬಾದಿನಲ್ಲಿಯೂ ೧೮೯೮ರಲ್ಲಿ ಇದೇ ಕಲ್ಕತ್ತೆಯಲ್ಲಿಯೂ ನಡೆಸಿದ ಶೋಧನೆಗಳಿಂದ ತೋರಿಸಿಕೊಟ್ಟರು. ಈ ಊರಿನಲ್ಲಿ ಪರದೆಯಿಲ್ಲದೆ ಮಲಗುವುದೆಂದರೆ ಧೈರ್ಯವಲ್ಲ, ಹುಂಬತನ. ಹತ್ತಿಯ ಪರದೆಯಾದರೆ ಗಂಜಿ ಕಳೆದೇ ಕಟ್ಟಬೇಕು. ಗಂಜಿ ಇರುವಾಗ ಕಣ್ಣುಗಳು ಮುಚ್ಚಿದಂತಿದ್ದು ಗಾಳಿಯಾಡದು. ಒಗೆದಾದ ಮೇಲೆ ಒಣಗಿಸುವಾಗ ನಾಲ್ಕು ಮೂಲೆಯನ್ನೂ ಸಮವಾಗಿ ಎಳೆದು ಹಾಕದಿದ್ದರೆ ಒಂದು ಕಡೆ ಗಿಡ್ಡವಾಗಿ ಹಾಸಿಗೆಯ ಕೆಳಗೆ ಸಿಕ್ಕಿಸಲು ಬರುವುದಿಲ್ಲ. ಆದರೆ ಆರೋಗ್ಯ ಇಲಾಖೆಯವರು ಹಂಚುವ, ಔಷಧಿ ಸೇರಿಸಿ ತಯಾರಿಸಿದ ಪರದೆಗೆ ಇದುವರೆಗೆ ಹೇಳಿದ್ದಾವುದೂ ಅನ್ವಯಿಸದು. ಅದನ್ನು ಮೊದಲು ಒಗೆಯಬಾರದು. ಕಟ್ಟು ಬಿಚ್ಚಿ ಒಂದು ಹಗಲು ಒಂದು ರಾತ್ರಿ ನೆರಳಿನಲ್ಲಿ ಗಾಳಿಗೆ ಬಿಟ್ಟು ಅನಂತರ ಕಟ್ಟಬೇಕು. ಕೊಳೆಯಾದಾಗ, ವರ್ಷಕ್ಕೆ ನಾಲ್ಕು ಸಲಕ್ಕೆ ಮೀರದಂತೆ, ಸೌಮ್ಯವಾದ ಸಾಬೂನಿನಲ್ಲಿ ತೊಳೆದು ನೆರಳಿನಲ್ಲಿಯೇ ಒಣಗಿಸಬೇಕು. ಬಿಸಿಲು ಔಷಧಿಯ ಶಕ್ತಿಯನ್ನು ಕುಂದಿಸುತ್ತದೆ. ಸುಮಾರು ಇಪ್ಪತ್ತು ಒಗೆತದವರೆಗೆ ಔಷಧಿ ನಿಲ್ಲುವಂತೆ ಅದನ್ನು ಮಾಡಿರುತ್ತಾರೆ. ತೊಳೆದ ನೀರನ್ನು ಮಾತ್ರ ಮನೆಯ ಹಿಂದಿನ ಪುಕುರಿಗೆ ಚೆಲ್ಲಬೇಡಿರಿ, ಆ ಔಷಧಿ ಮೀನಿಗೆ ವಿಷ. ಪುಕುರಿನ ಮೀನಿಗೆ ಕೇಡಾದರೆ ಬಂಗಾಳಿ ಮನೆಯೊಡೆಯರು ಆ ತಿಂಗಳೇ ಕೋಣೆ ಬಿಡಿಸಿಯಾರು.